ಮೆಮೊರಿ ಕಾರ್ಡಿನಲ್ಲಿ ಅಳಿದ ಛಾಯಾಚಿತ್ರಗಳ ಪುನಃಪ್ರಾಪ್ತಿ

ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ಸ್ಥಾಪಿಸಿದ ಗೊಮ್ಮಟಮೂರ್ತಿಗೆ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕವು ಜರುಗುವುದು ವಾಚಕರಿಗೆ ವಿದಿತವೇ ಆಗಿದೆ. 2012ರ ತರುವಾಯ ಅದು ನಡೆದುದು 2024ರಲ್ಲಿ. ಅಂಥ ಸಂದರ್ಭದ ಛಾಯಾಚಿತ್ರಗಳುಳ್ಳ ಮೆಮೊರಿ ಕಾರ್ಡನ್ನು ಪ್ರಮಾದವಶಾತ್ ಫಾರ್ಮ್ಯಾಟ್ ಮಾಡಿದವನು ಮತ್ತೆ ಹನ್ನೆರಡು ವರ್ಷ ಕಾಯಬೇಕಾದೀತು. ಹಳೆಯ ಮನೆಯೊಂದರಲ್ಲಿ ಓಲೆಗರಿಯ ಕಟ್ಟನ್ನು ಒಮ್ಮೆ ಬಿಚ್ಚಿ ಚಿತ್ರಿಸಿಕೊಳ್ಳಲು ಅನುಮತಿ ಪಡೆದ ಸಂಶೋಧಕನಿಗೆ ಎರಡನೆಯ ಸಲ ಆ ಬಾಗಿಲು ತೆರೆಯುವುದೆಂಬ ಭರವಸೆಯೂ ಇಲ್ಲ. ಆದುದರಿಂದ, ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ನಿಜವಾಗಿ ಅಳಿಯುವುದೇನು, ಉಳಿಯುವುದೇನು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಓಲೆಯ ಕಟ್ಟಿನ ದೃಷ್ಟಾಂತವೇ ಇಲ್ಲಿಗೆ ಒಪ್ಪುತ್ತದೆ. ಕಾರ್ಡಿನ ಸ್ಥಳವು ಸಮಪ್ರಮಾಣದ ಸಣ್ಣ ಸಣ್ಣ ಖಂಡಗಳಾಗಿ ವಿಭಾಗಗೊಂಡಿರುತ್ತದೆ. 32 ಗಿಗಾಬೈಟಿನ ಕಾರ್ಡಿನಲ್ಲಿ ಖಂಡವೊಂದು ಸಾಮಾನ್ಯವಾಗಿ 32 ಕಿಲೋಬೈಟು. 6 ಮೆಗಾಬೈಟಿನ ಒಂದು ಚಿತ್ರವು ಇಂಥ 192 ಖಂಡಗಳನ್ನು ಆಕ್ರಮಿಸುವುದು. ಇವೇ ಓಲೆಗಳು. ಯಾವ ಖಂಡದ ಮುಂದೆ ಯಾವುದು ಬರಬೇಕೆಂಬುದನ್ನು ಕಾರ್ಡಿನ ಆರಂಭದಲ್ಲಿರುವ ಫ್ಯಾಟ್ ಎಂಬ ಕೋಷ್ಟಕವು ತಿಳಿಸುತ್ತದೆ. ಇದು ಓಲೆಗಳನ್ನು ಪೋಣಿಸಿದ ದಾರ. ಕಡತದ ಹೆಸರು, ಗಾತ್ರ, ಮೊದಲ ಖಂಡದ ಸ್ಥಾನ ಇವುಗಳನ್ನು ಬರೆದಿಟ್ಟ ಸೂಚಿಯೇ ಕಟ್ಟಿನ ಮೇಲಣ ಚೀಟಿ. ಒಂದು ಚಿತ್ರವನ್ನು ಅಳಿಸಿದಾಗ ಚೀಟಿಯ ಮೊದಲ ಅಕ್ಷರದ ಸ್ಥಾನದಲ್ಲಿ 229 ಎಂಬ ಸಂಕೇತವು ಬಿದ್ದು, ದಾರವು ಕಳಚುತ್ತದೆ. ಫಾರ್ಮ್ಯಾಟ್ ಮಾಡಿದಾಗ ಮೂಲಸೂಚಿಯೂ ಕೋಷ್ಟಕವೂ ಪೂರ್ಣವಾಗಿ ಬರಿದಾಗುತ್ತವೆ. ಓಲೆಗಳು ಮಾತ್ರ ಪೆಟ್ಟಿಗೆಯಲ್ಲಿ ಇದ್ದಲ್ಲೇ ಇರುತ್ತವೆ. ಹಲವು ಗಿಗಾಬೈಟುಗಳ ಕಾರ್ಡು ಕೆಲವೇ ಕ್ಷಣಗಳಲ್ಲಿ ಬರಿದಾಯಿತೆಂದು ಕ್ಯಾಮರಾ ಸಾರುವುದರ ಗುಟ್ಟು ಇದೇ.

ಈ ಮಾತಿಗೆ ಅಪವಾದಗಳುಂಟು. ಕೆಲವು ಕ್ಯಾಮರಾಗಳಲ್ಲಿ ಆಳದ ಫಾರ್ಮ್ಯಾಟ್ ಎಂಬ ಬೇರೊಂದು ವಿಧಾನವಿದೆ. 2007ರಲ್ಲಿ ಹೊರಬಂದ ವಿಂಡೋಸ್ ವಿಸ್ಟಾದಿಂದೀಚೆಗೆ ಕಂಪ್ಯೂಟರಿನಲ್ಲಿ ಮಾಡುವ ಪೂರ್ಣ ಫಾರ್ಮ್ಯಾಟು ಎಲ್ಲ ಖಂಡಗಳ ಮೇಲೂ ಸೊನ್ನೆಗಳನ್ನು ಬರೆಯುತ್ತದೆ. ಅನಂತರ ಹುಡುಕುವುದು ವ್ಯರ್ಥ. ಇಂದಿನ ಮೊಬೈಲಿನ ಒಳಸ್ಮೃತಿಯು ಗೂಢಲಿಪೀಕೃತವಾಗಿರುವುದರಿಂದ ಅಲ್ಲಿಯೂ ಈ ವಿಧಾನ ಫಲಿಸದು.

ಉಳಿದ ಸಂದರ್ಭಗಳಲ್ಲಿ ಹಾನಿಯು ಒದಗುವುದು ಫಾರ್ಮ್ಯಾಟಿನಿಂದಲ್ಲ, ಅದರ ಅನಂತರ ತೆಗೆಯುವ ಹೊಸ ಚಿತ್ರಗಳಿಂದ. ಬರಿದೆಂದು ಗುರುತಾದ ಖಂಡಗಳ ಮೇಲೆ ಹೊಸ ಚಿತ್ರವು ಬಂದು ಕೂಡುತ್ತದೆ. ಹೀಗೆ ಮುಚ್ಚಿಹೋದ ಭಾಗವನ್ನು ಯಾವ ತಂತ್ರಾಂಶವೂ ಮರಳಿಸಲಾರದು. ಕಾರ್ಡನ್ನು ಕೂಡಲೇ ಹೊರತೆಗೆದು, ಬರೆಹತಡೆಯ ಸಣ್ಣ ಗುಂಡಿಯನ್ನು ಸರಿಸಿ, ಡಿಡಿರೆಸ್ಕ್ಯೂ ಮೊದಲಾದ ಸಾಧನದಿಂದ ಅದರ ಸಮಗ್ರ ಪ್ರತಿಬಿಂಬವನ್ನು ಕಂಪ್ಯೂಟರಿನಲ್ಲಿ ತೆಗೆದಿರಿಸಬೇಕು. ಮುಂದಿನ ಶೋಧವೆಲ್ಲ ಆ ಪ್ರತಿಯ ಮೇಲೆ. ಮೂಡುಬಿದಿರೆಯ ಧವಲಾ ಗ್ರಂಥಗಳ ವಿಷಯದಲ್ಲಿಯೂ, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಹೊರಬಂದ ಮೊದಲ ಸಂಪುಟಗಳಿಗೆ ಆಧಾರವಾದುದು ಓಲೆಗಳಿಂದ ಇಳಿದುಬಂದ ಪ್ರತಿಗಳೇ. ಮೂಲದೊಡನೆ ತಾಳೆನೋಡಿದುದು ಅನಂತರ. ಓಲೆಯೂ ಕಾರ್ಡೂ ಪದೇ ಪದೇ ಮುಟ್ಟುವುದನ್ನು ಸಹಿಸುವ ವಸ್ತುಗಳಲ್ಲ.

ಚೀಟಿಯೂ ದಾರವೂ ಇಲ್ಲದ ಓಲೆಗಳಲ್ಲಿ ಗ್ರಂಥವನ್ನು ಹೇಗೆ ಗುರುತಿಸುವುದು? ಆರಂಭದ ನಮಸ್ಕಾರವಾಕ್ಯವನ್ನೂ ಅಂತ್ಯದ ಮಂಗಳವಾಕ್ಯವನ್ನೂ ನೋಡಿ. ಜೆಪೆಗ್ ಚಿತ್ರಕ್ಕೂ ಇಂಥ ಆದ್ಯಂತಗಳಿವೆ: ಪ್ರತಿಯೊಂದೂ 255, 216, 255 ಎಂಬ ಅಂಕಿಗಳಿಂದ ಆರಂಭವಾಗಿ 255, 217 ಎಂಬವುಗಳಲ್ಲಿ ಮುಗಿಯುತ್ತದೆ. ಕ್ರಿಸ್ಟೋಫ್ ಗ್ರೆನಿಯೆ ಎಂಬವರು ರಚಿಸಿದ, ಉಚಿತವಾಗಿ ದೊರೆಯುವ ಫೋಟೋರೆಕ್ ತಂತ್ರಾಂಶವು ಖಂಡಖಂಡವಾಗಿ ಓದುತ್ತ ಇಂಥ ಗುರುತುಗಳನ್ನು ಅರಸಿ, ಚಿತ್ರಗಳನ್ನು ಬೇರೊಂದು ಡಿಸ್ಕಿನಲ್ಲಿ ಸಂಗ್ರಹಿಸುತ್ತದೆ. ಖಾಲಿ ಕಾರ್ಡಿನಲ್ಲಿ ಒಂದೇ ಸಮನೆ ತೆಗೆದ ಚಿತ್ರಗಳ ಖಂಡಗಳು ಸಾಲಾಗಿರುವುದರಿಂದ ಫಲಿತಾಂಶವು ಬಹುಮಟ್ಟಿಗೆ ಪೂರ್ಣ. ನಡುನಡುವೆ ಅಳಿಸಿ ಅಳಿಸಿ ತೆಗೆದ ಕಾರ್ಡಿನಲ್ಲಾದರೋ ಹೊಸ ಚಿತ್ರವು ಹಳೆಯ ತೆರಪುಗಳಲ್ಲಿ ಚದರಿ ಕೂಡುವುದು. ಎರಡು ಕಟ್ಟುಗಳ ಓಲೆಗಳು ಬೆರೆತಂತೆ, ಮೇಲ್ಭಾಗದಲ್ಲಿ ಗೊಮ್ಮಟನೂ ಕೆಳಭಾಗದಲ್ಲಿ ಬೂದುಬಣ್ಣದ ಪಟ್ಟೆಗಳೂ ಕಾಣಿಸಿಕೊಳ್ಳುತ್ತವೆ. ಜಾಗ ಉಳಿಸಲೆಂದು ಸ್ಥಳದಲ್ಲಿಯೇ ಚಿತ್ರಗಳನ್ನು ಅಳಿಸುತ್ತ ಹೋಗುವ ವಿದ್ಯಾರ್ಥಿಗಳ ಅಭ್ಯಾಸವು ನಮ್ಮ ಮತದಲ್ಲಿ ಹಿತಕರವಲ್ಲ.

ಮರಳಿ ದೊರೆತ ಚಿತ್ರಗಳಿಗೆ ಹಳೆಯ ಹೆಸರುಗಳಿರುವುದಿಲ್ಲ. ಕಾರ್ಡಿನಲ್ಲಿದ್ದ ಸ್ಥಾನವನ್ನು ಸೂಚಿಸುವ ಸಂಖ್ಯೆಯೇ ಅವುಗಳ ಹೆಸರು. ಸಂಶೋಧಕನಿಗೆ ಇದು ಅಲ್ಪವಾದ ನಷ್ಟವಲ್ಲ. ನೂರಿಪ್ಪತ್ತು ಓಲೆಗಳ ಚಿತ್ರಗಳು ಅನುಕ್ರಮವಿಲ್ಲದೆ ದೊರೆತರೆ ಅರ್ಧ ಗ್ರಂಥವೇ ದೊರೆತಂತೆ. ಅದೃಷ್ಟವಶಾತ್, ಚಿತ್ರ ತೆಗೆದ ದಿನಾಂಕ ಮತ್ತು ವೇಳೆಗಳನ್ನು ಕ್ಯಾಮರಾ ಚಿತ್ರದ ಒಡಲಲ್ಲಿಯೇ ಬರೆದಿಡುವುದರಿಂದ, ಅವುಗಳ ಆಧಾರದ ಮೇಲೆ ಕ್ರಮವನ್ನು ಮತ್ತೆ ಕಟ್ಟಬಹುದು. ಕ್ಯಾಮರಾದ ಗಡಿಯಾರವು ತಪ್ಪಾಗಿದ್ದರೂ ಮುಂದುಹಿಂದಿನ ಸಂಬಂಧ ಕೆಡುವುದಿಲ್ಲ. ಇನ್ನೂ ದೃಢವಾದ ಉಪಾಯವೊಂದಿದೆ: ಗ್ರಂಥದ ಹೆಸರನ್ನೂ ಓಲೆಯ ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು, ಅಳತೆಗೋಲಿನೊಡನೆ ಪ್ರತಿ ಓಲೆಯ ಪಕ್ಕದಲ್ಲಿರಿಸಿ ಚಿತ್ರ ತೆಗೆಯುವುದು.