ಬರೆಯುವ ಮೊದಲಿನ ಮೌನ

ಪ್ರಶ್ನೆ: ಸುಮ್ಮನೆ ಕೂತ ಹೊತ್ತೂ ಬರವಣಿಗೆಯ ಭಾಗವೇ? ನಮ್ಮ ಸೀಮೆಯಲ್ಲಿ ಉದಾಹರಣೆ ಉಂಟೇ? (ಓದುಗರು, ಕೊತ್ತಪಲ್ಲಿ)

ಉತ್ತರ: ಉಂಟು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ 18ನೇ ಶತಮಾನದಲ್ಲಿ ಗದ್ವಾಲದ ಕಡೆಯ ಉತ್ತನೂರಿನಲ್ಲಿ ನೆಲೆಸಿದರು. ಹರಿದಾಸ ಸಂಪ್ರದಾಯ ಹೇಳುವಂತೆ, ಮೊದಲು ನಡೆದದ್ದು ಏಕಾಂತದ ಗಾಯತ್ರೀ ಜಪ. ಆಮೇಲೆ ಗುರು ವಿಜಯದಾಸರಿಂದ ‘ಗೋಪಾಲವಿಠಲ’ ಎಂಬ ಅಂಕಿತ. ಗೋಪಾಲದಾಸರೆಂದು ಹೆಸರಾಗಿ ಕೀರ್ತನೆ, ಸುಳಾದಿಗಳನ್ನು ರಚಿಸಿದರು. ಸುಳಾದಿಯೆಂದರೆ ನುಡಿಯಿಂದ ನುಡಿಗೆ ತಾಳ ಬದಲಾಗುವ ರಚನೆ. ಅದು ಕೈಗಿಂತ ಮೊದಲು ಕಿವಿಯಲ್ಲಿ ಕುದುರಬೇಕು. ದಿನವೂ ಜಪದ ಒಂದೇ ಲಯದಲ್ಲಿ ನೆಲೆನಿಂತ ಮನಸ್ಸಿಗೆ ಬೇಕಾದ ಮಾತು ಯಾವುದು, ಬೇಡದ್ದು ಯಾವುದು ಎಂಬುದು ಬೇಗ ತಿಳಿಯುತ್ತದೆ. ಗೋಪಾಲದಾಸರ ಶಿಷ್ಯ ಜಗನ್ನಾಥದಾಸರು ಸಂಸ್ಕೃತ ಪಂಡಿತರು. ಅವರೂ ದಾಸದೀಕ್ಷೆಯ ನಂತರವೇ ಕನ್ನಡದಲ್ಲಿ ಹರಿಕಥಾಮೃತಸಾರವೆಂಬ ಕಾವ್ಯ ಬರೆದರು. ಆದರೆ ಮೌನ ಬರೀ ಸಿದ್ಧತೆ. ಹಾಡಿ, ಕೇಳುಗರ ಮುಂದೆ ಇಟ್ಟಾಗಲೇ ಕೃತಿ ಪೂರ್ಣ.