ಮೀನಿನ ಟ್ಯಾಂಕಿನಲ್ಲಿ ಒಂದು ಡಿಗ್ರಿಯ ಲೆಕ್ಕ

ದಾವಣಗೆರೆಗೆ ಸಮುದ್ರ ಬಹಳ ದೂರ. ಆದರೂ ನಮ್ಮ ಮನೆಯ ಹಾಲ್‌ನಲ್ಲಿ ನೂರು ಲೀಟರ್ ಸಮುದ್ರವಿದೆ. ನನ್ನ ಚಾಚಾ ಹತ್ತು ವರ್ಷ ದುಬೈನಲ್ಲಿ ಕೆಲಸ ಮಾಡಿ ಊರಿಗೆ ಮರಳಿದಾಗ ಮನೆಯವರಿಗೆಲ್ಲ ಏನೇನೋ ತಂದರು. ತಮಗೆಂದು ತಂದುಕೊಂಡದ್ದು ಈ ಹವ್ಯಾಸ ಒಂದೇ. ಮೂರಡಿ ಉದ್ದದ ಗಾಜಿನ ಟ್ಯಾಂಕ್, ಬೆಂಗಳೂರಿನಿಂದ ತರಿಸಿದ ಸಮುದ್ರದ ಉಪ್ಪಿನ ಮಿಶ್ರಣ ಕರಗಿಸಿದ ನೀರು, ಒಂದಷ್ಟು ಕಲ್ಲು, ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿಯಿರುವ ಎರಡು ಕ್ಲೌನ್ ಮೀನು. ಸಿನಿಮಾ ನೋಡಿದ ಮಕ್ಕಳೆಲ್ಲ ಅವನ್ನು ‘ನೀಮೊ’ ಎಂದೇ ಕರೆಯುತ್ತಾರೆ.

ಈಗ ಆ ಎರಡರಲ್ಲಿ ಒಂದೇ ಉಳಿದಿದೆ. ಇನ್ನೊಂದು ಸತ್ತದ್ದು ನನ್ನ ತಪ್ಪಿನಿಂದ. ಆ ತಪ್ಪು ಏನೆಂದು ತಿಳಿಯಲು ಹೊರಟಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಸಾದಾ ನೀರಿನ ಮೀನು ಸಾಕುವವರಿಗೂ ಇದು ಉಪಯೋಗವಾಗಬಹುದು.

ಆ ಮಧ್ಯಾಹ್ನ ನಡೆದದ್ದು

ಕಳೆದ ವರ್ಷ ಏಪ್ರಿಲ್‌ನಲ್ಲಿ ಮನೆಯವರೆಲ್ಲ ಹರಿಹರಕ್ಕೆ ಮದುವೆಗೆ ಹೋಗಿದ್ದರು. ನಾನೊಬ್ಬನೇ ಮನೆಯಲ್ಲಿದ್ದೆ. ಹನ್ನೊಂದಕ್ಕೆ ಹೋದ ಕರೆಂಟ್ ಮೂರು ಗಂಟೆಯಾದರೂ ಬರಲಿಲ್ಲ. ಥರ್ಮಾಮೀಟರ್ ನೋಡಿದರೆ 32 ಡಿಗ್ರಿ. ಟ್ಯಾಂಕಿಗೆ 26 ಇರಬೇಕೆಂದು ಚಾಚಾ ಹೇಳಿದ್ದು ನೆನಪಿತ್ತು. ಓಡಿಹೋಗಿ ಪಕ್ಕದ ಜ್ಯೂಸ್ ಅಂಗಡಿಯಿಂದ ಐದು ಕೆ.ಜಿ. ಐಸ್ ತಂದು ಟ್ಯಾಂಕಿಗೆ ಸುರಿದೆ. ಕಾಲು ಗಂಟೆಯಲ್ಲಿ ನೀರು 26ರ ಆಸುಪಾಸಿಗೆ ಬಂತು. ನನಗೆ ಖುಷಿಯೋ ಖುಷಿ. ಸಂಜೆಯ ಹೊತ್ತಿಗೆ ಎರಡೂ ಮೀನು ತಳದಲ್ಲಿ ಕೂತು ಜೋರಾಗಿ ಉಸಿರಾಡುತ್ತಿದ್ದವು. ಮರುದಿನ ಬೆಳಿಗ್ಗೆ ಒಂದು ಸತ್ತು ತೇಲುತ್ತಿತ್ತು.

ಚಾಚಾ ಬೈಯಲಿಲ್ಲ. ‘ಬೇಟಾ, 32 ಆಗುವುದಕ್ಕೆ ನಾಲ್ಕು ಗಂಟೆ ಹಿಡಿಯಿತು. 26ಕ್ಕೆ ಇಳಿಸಲು ನೀನು ಕಾಲು ಗಂಟೆ ತೆಗೆದುಕೊಂಡೆ’ ಎಂದರು ಅಷ್ಟೇ. ಐಸ್ ಸಾದಾ ನೀರಿನದಾದ್ದರಿಂದ ಟ್ಯಾಂಕಿನ ಉಪ್ಪೂ ಒಮ್ಮೆಲೇ ತೆಳುವಾಗಿತ್ತು. ಅದು ಎಂಥ ನೀರೋ, ಅದರಲ್ಲಿ ಏನಿತ್ತೋ ಅದೂ ನಾನು ನೋಡಿರಲಿಲ್ಲ.

ಮೀನಿಗೆ ಉಷ್ಣಾಂಶ ಅಂದರೆ ಏನು

ನಮ್ಮ ಮೈ ಹೊರಗೆ ಬಿಸಿಲಿದ್ದರೂ ಚಳಿಯಿದ್ದರೂ 37 ಡಿಗ್ರಿಯ ಹತ್ತಿರವೇ ಇರುತ್ತದೆ. ಮೀನಿಗೆ ಆ ಶಕ್ತಿ ಇಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ನೀರು ಬಿಸಿಯಾದಂತೆ ಅದರ ದೇಹದ ಕೆಲಸಗಳೆಲ್ಲ ವೇಗವಾಗುತ್ತವೆ, ಆಮ್ಲಜನಕ ಹೆಚ್ಚು ಬೇಕಾಗುತ್ತದೆ. ಆದರೆ ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರದ ನೀರು 25 ಡಿಗ್ರಿಯಲ್ಲಿದ್ದಾಗ ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಸುಮಾರು 6.2 ಮಾತ್ರ. ಅದೇ 25 ಡಿಗ್ರಿಯ ಸಾದಾ ನೀರು 8ಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಂದರೆ ಉಪ್ಪುನೀರಿನ ಮೀನಿಗೆ ಮೊದಲೇ ಉಳಿತಾಯ ಕಡಿಮೆ. ಬೇಸಿಗೆಯಲ್ಲಿ ಖರ್ಚು ಹೆಚ್ಚಿ ಆದಾಯ ಇಳಿದ ಮನೆಯಂತಾಗುತ್ತದೆ ಅದರ ಸ್ಥಿತಿ.

ತೆರೆದ ಸಮುದ್ರದಲ್ಲಿ ನೀರಿನ ರಾಶಿ ದೊಡ್ಡದು. ಹಗಲಿಗೂ ರಾತ್ರಿಗೂ ಮೇಲ್ಮೈಯ ಉಷ್ಣಾಂಶ ಸಾಮಾನ್ಯವಾಗಿ ಒಂದು ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಅಂಥ ನೀರಿಗೆ ಒಗ್ಗಿದ ಜಾತಿಯ ಮೀನನ್ನು ನಾವು ನೂರು ಲೀಟರ್ ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ. 20 ಲೀಟರಿನ ಚಿಕ್ಕ ಟ್ಯಾಂಕ್ ಇನ್ನೂ ಬೇಗ ಬಿಸಿಯಾಗುತ್ತದೆ, ಬೇಗ ತಣ್ಣಗಾಗುತ್ತದೆ. ಹೊಸದಾಗಿ ಶುರುಮಾಡುವವರಿಗೆ ಚಿಕ್ಕ ಟ್ಯಾಂಕ್ ಸುಲಭ ಅನ್ನುವುದು ತಪ್ಪು.

ಬಿಸಿಯ ಜಮಾ–ಖರ್ಚು

ಮೀನು ಸತ್ತ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ನಮ್ಮ ಅಕೌಂಟೆನ್ಸಿ ಪಾಠದಂತೆ ಎಡಗಡೆ ಬರುವ ಬಿಸಿ, ಬಲಗಡೆ ಹೋಗುವ ಬಿಸಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಹತ್ತಕ್ಕೆ ಥರ್ಮಾಮೀಟರ್ ನೋಡಿ ಬರೆಯುತ್ತಿದ್ದೆ. ಕಾಲೇಜಿಗೆ ಹೋದ ದಿನ ಮೂರು ಗಂಟೆಯ ಲೆಕ್ಕ ಅಮ್ಮಿಯದು. ಒಂದು ವಾರದಲ್ಲಿ ಗೊತ್ತಾದದ್ದು ಇದು: ಕರೆಂಟ್ ಇದ್ದ ದಿನವೂ ನಮ್ಮ ಟ್ಯಾಂಕ್ ಬೆಳಿಗ್ಗೆ 28, ಮಧ್ಯಾಹ್ನ 31 ತೋರಿಸುತ್ತಿತ್ತು. ದಿನವೂ ಮೂರು ಡಿಗ್ರಿ ಏರಿಳಿತ. ಆ ಐಸಿನ ದಿನಕ್ಕಿಂತ ಮೊದಲೂ ಮೀನುಗಳು ಕಷ್ಟದಲ್ಲೇ ಇದ್ದವು, ನಾವು ನೋಡಿರಲಿಲ್ಲ.

ಬಿಸಿ ಎಲ್ಲಿಂದ ಬರುತ್ತಿದೆ ಎಂದು ಪಟ್ಟಿ ಮಾಡಿದೆವು. ಟ್ಯಾಂಕ್ ಪಶ್ಚಿಮದ ಗೋಡೆಗೆ ತಾಗಿಕೊಂಡಿತ್ತು. ಸಂಜೆ ಆ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನಂತೆ ಇರುತ್ತಿತ್ತು. ನೀರಿನೊಳಗಿನ ಪಂಪು ಬಳಸುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ನೀರಿಗೇ ಸೇರುತ್ತದೆ. ಲೈಟು ಬೆಳಿಗ್ಗೆಯಿಂದ ರಾತ್ರಿಯವರೆಗೆ ಉರಿಯುತ್ತಿತ್ತು. ಹೋಗುವ ದಾರಿ ನೋಡಿದರೆ, ಮೇಲೆ ಗಾಜಿನ ಮುಚ್ಚಳ. ಜಮಾ ಜೋರು, ಖರ್ಚಿನ ಬಾಗಿಲು ಬಂದ್.

ದುಡ್ಡು ಖರ್ಚಾಗದ ಕೆಲಸಗಳನ್ನು ಮೊದಲು ಮಾಡಿದೆವು. ಒಂದು ಭಾನುವಾರ ನೀರನ್ನು ಡ್ರಮ್ಮಿಗೆ ತುಂಬಿ ಟ್ಯಾಂಕನ್ನು ಒಳಗಿನ ಗೋಡೆಯ ಬಳಿಗೆ ಸರಿಸಿದೆವು. ಲೈಟನ್ನು ಸಂಜೆ ನಾಲ್ಕರಿಂದ ಹತ್ತರವರೆಗೆ ಮಾತ್ರ ಹಾಕಿದೆವು. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿದೆವು, ಯಾಕೆಂದರೆ ತೆರೆದಿಟ್ಟರೆ ಮೀನು ಹಾರಿ ಹೊರಗೆ ಬೀಳಬಹುದು.

ದಾದಿಮಾ ಅವರ ಹೂಜಿ

ಮುಂದಿನ ದಾರಿ ತೋರಿಸಿದ್ದು ನಮ್ಮ ಅಜ್ಜಿ. ಮನೆಯಲ್ಲಿ ನಾವು ದಾದಿಮಾ ಅನ್ನುತ್ತೇವೆ. ಅವರು ಇಂದಿಗೂ ಫ್ರಿಜ್ ನೀರು ಕುಡಿಯುವುದಿಲ್ಲ. ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬರುವ ಕಿಟಕಿಯಲ್ಲಿಡುತ್ತಾರೆ. ‘ನಿಮ್ಮ ಮೀನಿಗೂ ಗಾಳಿ ಬಿಡ್ರೋ’ ಎಂದು ಅವರು ತಮಾಷೆಗೆ ಹೇಳಿದ್ದು ಸರಿಯಾದ ವಿಜ್ಞಾನವೇ ಆಗಿತ್ತು. ನೀರು ಆವಿಯಾಗಲು ಬಿಸಿ ಬೇಕು, ಅದನ್ನು ಉಳಿದ ನೀರಿನಿಂದಲೇ ತೆಗೆದುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೊರಗೆ ಹೋದಂತೆ. ನೂರು ಲೀಟರ್ ನೀರನ್ನು ಆರು ಡಿಗ್ರಿಯಷ್ಟು ಇಳಿಸಲು ಅದು ಸಾಕು. ಕೋಣೆಯಿಂದ ಬಿಸಿ ಮತ್ತೆ ಬರುತ್ತಲೇ ಇರುವುದರಿಂದ ಅಷ್ಟು ಇಳಿಯುವುದಿಲ್ಲ, ಎರಡು ಮೂರು ಡಿಗ್ರಿ ಇಳಿಯುತ್ತದೆ.

ಹಳೆಯ ಕಂಪ್ಯೂಟರಿನ ಎರಡು ಚಿಕ್ಕ ಫ್ಯಾನುಗಳನ್ನು ನೀರಿನ ಮೇಲೆ ಗಾಳಿ ಬೀಸುವಂತೆ ಕಟ್ಟಿದೆವು. ನೀರು 27.5 ದಾಟಿದರೆ ತಾನೇ ಶುರುವಾಗಿ, 27ಕ್ಕೆ ನಿಲ್ಲುವಂತೆ ಒಂದು ಟೆಂಪರೇಚರ್ ಕಂಟ್ರೋಲರ್ ಜೋಡಿಸಿದೆವು. ನಮ್ಮೂರಿನ ಬೇಸಿಗೆಯ ಗಾಳಿ ಒಣ, ಹಾಗಾಗಿ ಫ್ಯಾನು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರು, ಭಟ್ಕಳದ ಕಡೆ ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ಬಟ್ಟೆ ಒಣಗುವುದು ನಿಧಾನವಾದಂತೆ ಫ್ಯಾನಿನಿಂದ ನೀರು ತಣಿಯುವುದೂ ನಿಧಾನ.

ಇಲ್ಲಿ ಇನ್ನೊಂದು ಲೆಕ್ಕ ಮರೆಯಬಾರದು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೂರು ಲೀಟರಿಗೆ ಮೂರೂವರೆ ಕೆ.ಜಿ. ಹತ್ತು ಲೀಟರ್ ಆವಿಯಾದರೆ ಅದೇ ಉಪ್ಪು 90 ಲೀಟರಿನಲ್ಲಿ ಉಳಿದು ಲೀಟರಿಗೆ 39 ಗ್ರಾಂ ಹತ್ತಿರವಾಗುತ್ತದೆ. ಅದಕ್ಕೆ ನಾವು ಗಾಜಿನ ಮೇಲೆ ಗುರುತು ಹಾಕಿ, ದಿನವೂ ಕಡಿಮೆಯಾದಷ್ಟು ಆರ್‌ಒ ನೀರನ್ನು ಮಾತ್ರ ಸೇರಿಸುತ್ತೇವೆ. ಉಪ್ಪುನೀರು ಸೇರಿಸಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಚಿಲ್ಲರ್ ಯಾಕೆ ಕೊಳ್ಳಲಿಲ್ಲ

ನೀರು ತಂಪು ಮಾಡುವ ಚಿಲ್ಲರ್ ಎಂಬ ಯಂತ್ರ ಇದೆ, ಫ್ರಿಜ್ಜಿನಂತೆಯೇ ಕೆಲಸ ಮಾಡುತ್ತದೆ. ನಾವು ಕೇಳಿದ ಬೆಲೆ ಇಪ್ಪತ್ತು ಸಾವಿರದ ಮೇಲಿತ್ತು. ಅದಕ್ಕಿಂತ ಅಮ್ಮಿಗೆ ಚಿಂತೆಯಾದದ್ದು ಕರೆಂಟ್ ಬಿಲ್ಲು. 200 ವ್ಯಾಟಿನ ಚಿಲ್ಲರ್ ದಿನಕ್ಕೆ ಹತ್ತು ಗಂಟೆ ನಡೆದರೆ 2 ಯೂನಿಟ್, ತಿಂಗಳಿಗೆ 60 ಯೂನಿಟ್. ಬೇಸಿಗೆಯಲ್ಲಿ ನಮ್ಮ ಮನೆಯ ಬಳಕೆ ಮೊದಲೇ 150ರ ಆಸುಪಾಸು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಎರಡು ಫ್ಯಾನು ಸೇರಿ 10 ವ್ಯಾಟ್. ದಿನಕ್ಕೆ ಹನ್ನೆರಡು ಗಂಟೆ ನಡೆದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ. ಈ ಲೆಕ್ಕ ಬರೆದು ತೋರಿಸಿದ ಮೇಲೆಯೇ ಟ್ಯಾಂಕ್ ಮನೆಯಲ್ಲಿ ಉಳಿಯಿತು.

ಚಿಲ್ಲರ್ ಇಲ್ಲದೆ ಬೇಸಿಗೆಯಲ್ಲಿ 25 ಡಿಗ್ರಿ ಹಿಡಿಯುವುದು ನಮ್ಮಿಂದ ಆಗದು. ಹಾಗಾಗಿ 25ರ ಆಸೆ ಬಿಟ್ಟೆವು. ಕ್ಲೌನ್ ಮೀನು 27–28ರಲ್ಲೂ ಚೆನ್ನಾಗಿರುತ್ತದೆ. ನಮ್ಮ ಮನೆ ಹಗಲು ರಾತ್ರಿ ಎರಡರಲ್ಲೂ ಹಿಡಿದಿಡಬಲ್ಲ ಅಂಕಿ ಯಾವುದೋ ಅದನ್ನೇ ಆರಿಸಿ, ಒಂದು ಡಿಗ್ರಿಗಿಂತ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳುವುದು ನಮ್ಮ ನಿಯಮ. ಈ ವರ್ಷ ಮೇ ತಿಂಗಳಲ್ಲಿ ನೋಟ್‌ಬುಕ್ಕಿನ ಹೆಚ್ಚಿನ ದಿನ ಬೆಳಿಗ್ಗೆ 27, ಮಧ್ಯಾಹ್ನ 28.

ಚಳಿಗಾಲದಲ್ಲಿ

ಡಿಸೆಂಬರ್ ರಾತ್ರಿ ಲೆಕ್ಕ ತಿರುಗುತ್ತದೆ, ಆಗ ಹೀಟರ್ ಬೇಕು. ನಮ್ಮಲ್ಲಿ 100 ವ್ಯಾಟಿನ ಒಂದರ ಬದಲು 50 ವ್ಯಾಟಿನ ಎರಡು ಇವೆ. ಹೀಟರಿನ ಥರ್ಮೋಸ್ಟಾಟ್ ಕೆಟ್ಟರೆ ಕೆಲವೊಮ್ಮೆ ಅದು ಆರದೆ ಉರಿಯುತ್ತಲೇ ಇರುತ್ತದೆ. ನೂರು ಲೀಟರಿನಲ್ಲಿ 300 ವ್ಯಾಟಿನದು ಹಾಗೆ ಉರಿದರೆ ಗಂಟೆಗೆ ಎರಡೂವರೆ ಡಿಗ್ರಿ ಏರಬಹುದು. 50 ವ್ಯಾಟಿನದಾದರೆ ಅರ್ಧ ಡಿಗ್ರಿಯೂ ಇಲ್ಲ. ನೋಡಿ ಆರಿಸಲು ಸಮಯ ಸಿಗುತ್ತದೆ. ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ನೀರು ಬದಲಿಸುವಾಗ ಹೀಟರಿನ ಪ್ಲಗ್ ತೆಗೆಯುವುದನ್ನು ಮರೆಯಬೇಡಿ. ನೀರಿನಿಂದ ಹೊರಗೆ ಉರಿದರೆ ಅದರ ಗಾಜು ಒಡೆಯುತ್ತದೆ.

ಕರೆಂಟ್ ಹೋದರೆ

ಮೊದಲು ಬೇಕಾದದ್ದು ಗಾಳಿ, ತಂಪು ಆಮೇಲೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಟ್ಯಾಂಕಿನ ಕೆಳಗೇ ಇಟ್ಟಿದ್ದೇವೆ. ಅದೂ ಇಲ್ಲದಿದ್ದರೆ ಮಗ್ಗಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಿರಬೇಕು. ಆ ಹೊತ್ತು ಮೀನಿಗೆ ಆಹಾರ ಹಾಕಬಾರದು. ತಂಪು ಬೇಕೇ ಬೇಕಾದರೆ, ಗಟ್ಟಿಯಾಗಿ ಮುಚ್ಚಳ ಹಾಕಿದ ಒಂದು ಲೀಟರಿನ ಐಸ್ ಬಾಟಲಿಯನ್ನು ತೇಲಿಬಿಡಿ. ಪೂರ್ತಿ ಕರಗಿ ಟ್ಯಾಂಕಿನ ನೀರಿನಷ್ಟೇ ಬೆಚ್ಚಗಾಗುವ ಹೊತ್ತಿಗೆ ಅದು ನೂರು ಲೀಟರನ್ನು ಸುಮಾರು ಒಂದು ಡಿಗ್ರಿ ಇಳಿಸುತ್ತದೆ, ಉಪ್ಪು ಬದಲಾಗುವುದಿಲ್ಲ. ಅದು ಕರಗಿದ ಮೇಲೆಯೇ ಇನ್ನೊಂದು. ನಮ್ಮ ಫ್ರೀಜರಿನಲ್ಲಿ ಈಗ ಅಂಥ ಮೂರು ಬಾಟಲಿ ಸದಾ ಇರುತ್ತವೆ.

ಸಮುದ್ರಕ್ಕೂ ಇದೇ ಲೆಕ್ಕ

ಒಂದು ಡಿಗ್ರಿಗೆ ಇಷ್ಟು ಒದ್ದಾಟ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ಸಮುದ್ರದ ನೀರು ಬೇಸಿಗೆಯ ಎಂದಿನ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ, ಹವಳಗಳು ತಮ್ಮೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ. ಬಿಸಿ ಇಳಿಯದಿದ್ದರೆ ಸಾಯುತ್ತವೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ಹೀಗೆ ಆಗಿದೆ. ನಮ್ಮ ರಾಜ್ಯದಲ್ಲೂ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಸಮುದ್ರದಿಂದ ಕಿತ್ತು ತರುವುದು ಅಪರಾಧ. ನಮ್ಮ ಟ್ಯಾಂಕಿನಲ್ಲಿ ಅವು ಇಲ್ಲ. ಕ್ಲೌನ್ ಮೀನನ್ನು ಈಗ ನಮ್ಮ ದೇಶದಲ್ಲೇ ತೊಟ್ಟಿಗಳಲ್ಲಿ ಮರಿ ಮಾಡಿಸುತ್ತಾರೆ. ಕೊಳ್ಳುವಾಗ ಹಾಗೆ ಬೆಳೆಸಿದ್ದೇ ಎಂದು ಕೇಳಿ ತೆಗೆದುಕೊಳ್ಳಿ.

ಉಳಿದ ಮೀನಿಗೆ ಜೊತೆಯಾಗಿ ಹೋದ ತಿಂಗಳು ಒಂದು ಮರಿ ತಂದೆವು. ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು, ಎರಡೂ ನೀರಿನ ಉಷ್ಣಾಂಶ ಒಂದಾಗುವವರೆಗೆ ನಾನು ಥರ್ಮಾಮೀಟರ್ ಹಿಡಿದು ಕಾದು ಕೂತೆ. ಆಮೇಲೆ ಲೋಟದಿಂದ ಸ್ವಲ್ಪ ಸ್ವಲ್ಪವೇ ಟ್ಯಾಂಕಿನ ನೀರನ್ನು ಚೀಲಕ್ಕೆ ಬೆರೆಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಚಾಚಾ ಹಿಂದೆ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ