ಪವಿತ್ರ ಯೋಧನ ಹತಾಶೆಯೂ ಭರವಸೆಯೆಂಬ ಸದ್ಗುಣವೂ

ವಿಶ್ವಾಸದ ಬಿಕ್ಕಟ್ಟು ಎಂದೊಡನೆ ದೇವರ ಅಸ್ತಿತ್ವವನ್ನು ಕುರಿತ ಸಂಶಯವೇ ನಮ್ಮ ನೆನಪಿಗೆ ಬರುತ್ತದೆ. ಆದರೆ ದೇವರಿದ್ದಾರೆಂದು ದೃಢವಾಗಿ ನಂಬುವವನೂ ಬಿಕ್ಕಟ್ಟಿಗೆ ಸಿಲುಕಬಹುದು. ಆಂಗ್ಲ ಕವಿ ಎಡ್ಮಂಡ್ ಸ್ಪೆನ್ಸರನ ‘ದ ಫೇರೀ ಕ್ವೀನ್’ ಕಾವ್ಯದ ಪ್ರಥಮ ಕಾಂಡ (1590) ಮಾಯಾಲೋಕದ ಕಥೆಯೊಂದರ ಮೂಲಕ ಇದನ್ನು ನಿರೂಪಿಸುತ್ತದೆ.

ಕಥಾನಾಯಕ ರೆಡ್‌ಕ್ರಾಸ್, ಪಾವಿತ್ರ್ಯದ ಪ್ರತೀಕವಾದ ಯೋಧ. ಎದೆಯ ಮೇಲೆ ಕೆಂಪು ಶಿಲುಬೆ. ತೊಟ್ಟಿರುವುದು ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ವರ್ಣಿಸುವ ಕವಚ. ಸತ್ಯಸ್ವರೂಪಿಣಿಯಾದ ಯೂನಾಳ ತಂದೆತಾಯಿಯರನ್ನು ಘಟಸರ್ಪದಿಂದ ಬಿಡಿಸುವುದು ಅವನ ಕಾರ್ಯ. ಆದರೆ ಮಾಂತ್ರಿಕನೊಬ್ಬನ ವಂಚನೆಗೆ ಒಳಗಾಗಿ ಅವಳನ್ನು ತೊರೆಯುತ್ತಾನೆ. ಕಡೆಗೆ ಅಹಂಕಾರವೆಂಬ ದೈತ್ಯನ ಸೆರೆಯಾಗುತ್ತಾನೆ. ಬಿಡುಗಡೆಯ ನಂತರವೇ ಅವನ ನಿಜವಾದ ಸಂಕಟ ಆರಂಭವಾಗುತ್ತದೆ.

ಒಂಬತ್ತನೆಯ ಸರ್ಗದಲ್ಲಿ ಅವನು ‘ಹತಾಶೆ’ ಎಂಬಾತನ ಗುಹೆಯನ್ನು ಹೊಗುತ್ತಾನೆ. ಹತಾಶೆ ದೇವರನ್ನು ಅಲ್ಲಗಳೆಯುವುದಿಲ್ಲ. ದೇವರ ನ್ಯಾಯವನ್ನೇ ಮುಂದಿಟ್ಟು ವಾದಿಸುತ್ತಾನೆ. ನೀನು ಪಾಪಿ, ದೇವರು ನ್ಯಾಯವಂತರು, ಆಯುಷ್ಯ ಬೆಳೆದಷ್ಟೂ ಪಾಪ ಬೆಳೆಯುತ್ತದೆ, ಆದ್ದರಿಂದ ಸಾವೇ ಮೇಲು ಎಂಬುದು ಅವನ ತರ್ಕ. ಇದರಲ್ಲಿ ಮೊದಲೆರಡು ಮಾತುಗಳು ಸತ್ಯವೇ. ಆದಕಾರಣವೇ ಯೋಧನ ಮನಸ್ಸಾಕ್ಷಿ ಎದುರಾಡಲಾರದೆ ಕುಸಿಯುತ್ತದೆ. ಅವನು ಕಠಾರಿಯನ್ನು ಎತ್ತಿದಾಗ ಯೂನಾ ಅದನ್ನು ಕಸಿದುಕೊಂಡು, ದೇವರ ಕರುಣೆಯಲ್ಲಿ ಅವನಿಗೂ ಪಾಲುಂಟೆಂದು ನೆನಪಿಸುತ್ತಾಳೆ. ಹತಾಶೆ ಮರೆಮಾಚಿದ್ದ ಸತ್ಯ ಅದು.

ಸಂತ ತೋಮಾಸ್ ಅಕ್ವಿನಾಸರು ಈ ಸ್ಥಿತಿಯನ್ನು ಸ್ಪಷ್ಟವಾಗಿ ವಿವೇಚಿಸಿದ್ದಾರೆ: ವಿಶ್ವಾಸ ಅಳಿಯದೆಯೂ ಹತಾಶೆ ಹುಟ್ಟಬಲ್ಲದು. ಧರ್ಮಸಭೆಯಲ್ಲಿ ಪಾಪಕ್ಷಮೆ ಇದೆಯೆಂದು ಒಪ್ಪುವವನೇ, ತನ್ನಂಥವನಿಗೆ ಮಾತ್ರ ಅದಿಲ್ಲವೆಂದು ತೀರ್ಮಾನಿಸಬಹುದು. ತತ್ವ ಬುದ್ಧಿಯಲ್ಲಿ ಉಳಿದಿದೆ. ‘ನನಗೂ’ ಎಂಬ ಪದ ಹೃದಯದಿಂದ ಅಳಿಸಿಹೋಗಿದೆ. ಯಾಜಕಸೇವೆಗೆ ಸಿದ್ಧರಾಗುವವರು ಈ ಭೇದವನ್ನು ಅರಿಯಬೇಕು. ದೇವರ ಅಸ್ತಿತ್ವವನ್ನು ಸಾಧಿಸುವ ವಾದಗಳು ಇಂಥವನಿಗೆ ಔಷಧವಾಗಲಾರವು.

ಹಾಗಾದರೆ ಔಷಧ ಯಾವುದು? ಯೂನಾ ಅವನನ್ನು ಪಾವಿತ್ರ್ಯದ ಮನೆಗೆ ಕರೆದೊಯ್ಯುತ್ತಾಳೆ. ವಿಶ್ವಾಸ, ಭರವಸೆ, ಪ್ರೀತಿ ಅಲ್ಲಿನ ಮೂವರು ಸೋದರಿಯರು. ಗಮನಾರ್ಹವಾದುದೆಂದರೆ, ವಿಶ್ವಾಸದ ಉಪದೇಶವನ್ನು ಕೇಳಿದ ಯೋಧ ತನ್ನ ಪಾಪಗಳನ್ನು ಕಂಡು ಮತ್ತೆ ಸಾವನ್ನು ಬಯಸುತ್ತಾನೆ. ಆಗ ಭರವಸೆ ತನ್ನ ಲಂಗರನ್ನು ಹಿಡಿಯಲು ಕಲಿಸುತ್ತಾಳೆ. ಬಳಿಕ ಪ್ರಾಯಶ್ಚಿತ್ತ, ಅನಂತರ ಪ್ರೀತಿ ಮತ್ತು ದಯಾಕಾರ್ಯಗಳು. ಸ್ಪೆನ್ಸರ್ ಪ್ರೊಟೆಸ್ಟಂಟನು, ರೋಮ್ ಸಭೆಯನ್ನು ಕುರಿತ ಅವನ ಕಟುನಿಂದೆ ಈ ಕಾಂಡದಲ್ಲೇ ಇದೆ. ಅದನ್ನು ನಾವು ಒಪ್ಪಲಾರೆವು. ಆದರೂ ಮೂರು ದೈವಿಕ ಸದ್ಗುಣಗಳು ಒಂದನ್ನೊಂದು ಅಗಲಿ ನಿಲ್ಲಲಾರವೆಂಬ ಅವನ ಒಳನೋಟ ನಮ್ಮದೂ ಹೌದು.

ಕೊನೆಗೆ ಬೆಟ್ಟದ ಮೇಲಿಂದ ನವ ಜೆರುಸಲೇಮನ್ನು ಕಂಡ ಯೋಧ ಅಲ್ಲಿಯೇ ಉಳಿಯಲು ಹಂಬಲಿಸುತ್ತಾನೆ. ವೃದ್ಧ ತಪಸ್ವಿ ಅವನನ್ನು ಕರ್ತವ್ಯಕ್ಕೆ ಮರಳಿ ಕಳುಹಿಸುತ್ತಾನೆ. ಘಟಸರ್ಪ ಇನ್ನೂ ಸತ್ತಿಲ್ಲ, ಯೂನಾಳ ಹೆತ್ತವರು ಇನ್ನೂ ಕಾಯುತ್ತಿದ್ದಾರೆ. ಬಿದ್ದವನಿಗೆ ಕ್ಷಮೆಯ ಜೊತೆಗೆ ಅವನ ಸೇವೆಯನ್ನೂ ದೇವರು ಹಿಂದಿರುಗಿಸುತ್ತಾರೆ. ಪಾಪನಿವೇದನೆಗೆ ಬಂದು ತಲೆತಗ್ಗಿಸಿ ಕುಳಿತವನಿಗೆ ನಾವು ತಿಳಿಸಬೇಕಾದ ಶುಭಸಂದೇಶ ಇದೇ.